ಗಾಜಿನ ಕಡಲೂ ವೈಷಮ್ಯದ ಪ್ರಶ್ನೆಯೂ

ವೇದಾಂತಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈಶ್ವರನ ಮೇಲೆ ಎರಡು ಆರೋಪಗಳು ಬರುತ್ತವೆ. ದೇವತೆಗಳಿಗೆ ಅತಿಶಯವಾದ ಸುಖವನ್ನೂ ಪಶುಗಳಿಗೆ ಅತಿಶಯವಾದ ದುಃಖವನ್ನೂ ವಿಧಿಸಿ ಮನುಷ್ಯರನ್ನು ಇವೆರಡರ ನಡುವೆ ತೂಗಾಡುವಂತೆ ಸೃಷ್ಟಿಸಿದವನು ಪಕ್ಷಪಾತಿಯಲ್ಲವೆ ಎಂಬುದು ಒಂದು. ಇಷ್ಟು ದುಃಖಕ್ಕೆ ಎಡೆಗೊಟ್ಟು ಕಟ್ಟಕಡೆಗೆ ಎಲ್ಲವನ್ನೂ ಸಂಹರಿಸುವವನು ನಿರ್ದಯನಲ್ಲವೆ ಎಂಬುದು ಇನ್ನೊಂದು. ವೈಷಮ್ಯ, ನೈರ್ಘೃಣ್ಯ ಎಂಬ ಈ ದೋಷಗಳಿಗೆ ಶಂಕರಾಚಾರ್ಯರು ನೀಡಿದ ಸಮಾಧಾನ ಪ್ರಸಿದ್ಧವಾದುದು. ಈಶ್ವರನು ಮಳೆಯ ಹಾಗೆ ಸಾಧಾರಣ ಕಾರಣ. ಮಳೆ ಭತ್ತಕ್ಕೂ ಜವೆಗೂ ಭೇದವೆಣಿಸದೆ ಸುರಿಯುತ್ತದೆ, ಬೆಳೆಯಲ್ಲಿ ಕಾಣುವ ಭೇದಕ್ಕೆ ಬೀಜವೇ ಹೊಣೆ. ಅಂತೆಯೇ ಜೀವರ ಸುಖದುಃಖಗಳ ತಾರತಮ್ಯಕ್ಕೆ ಅವರವರ ಕರ್ಮವೇ ಹೊಣೆ. ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿಂದ ಬಂತೆಂದು ಕೇಳಿದರೆ, ಮೊಟ್ಟಮೊದಲೆಂಬುದೇ ಇಲ್ಲ, ಸಂಸಾರ ಅನಾದಿ ಎಂಬುದು ಮುಂದಿನ ಉತ್ತರ.

ಈ ಉತ್ತರಗಳು ಸಾಕೆ, ಸಾಲವೆ ಎಂಬ ಚರ್ಚೆ ಪಂಡಿತರಿಗಿರಲಿ. ಇವೆರಡನ್ನೂ ಹೇಳಿಕೊಳ್ಳಲು ಎಳ್ಳಷ್ಟೂ ಅಧಿಕಾರವಿಲ್ಲದ ಒಬ್ಬ ಸೃಷ್ಟಿಕರ್ತನ ವಿಷಯವಾಗಿ ನಾನು ಬರೆಯಹೊರಟಿದ್ದೇನೆ. ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿಟ್ಟು, ಉಪ್ಪುನೀರು ತುಂಬಿ, ಹವಳಗಳನ್ನು ನೆಲೆಗೊಳಿಸಿ, ದೂರದ ಸಮುದ್ರಗಳಿಂದ ತರಿಸಿದ ಮೀನುಗಳನ್ನು ಅದರೊಳಗೆ ಬಿಟ್ಟು, ದೀಪದ ಗುಂಡಿಯೊತ್ತಿ ಹಗಲನ್ನೂ ಆರಿಸಿ ಇರುಳನ್ನೂ ದಯಪಾಲಿಸುವ ಗೃಹಸ್ಥನೇ ಆತ.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಅಂಥದೊಂದು ತೊಟ್ಟಿಯುಂಟು. ಅದರಲ್ಲಿ ಅವನು ಬಹು ಅಕ್ಕರೆಯಿಂದ ತಂದಿಟ್ಟುಕೊಂಡಿದ್ದುದು ನೀಲಿ ಪಟ್ಟೆಯ ಪೈಪ್‌ಫಿಶ್‌ಗಳ ಒಂದು ಜೋಡಿ. ಪೈಪ್‌ಫಿಶ್ ಕಡಲಕುದುರೆಯ ಕುಲದ್ದು; ಕಡಲಕುದುರೆಯ ಡೊಂಕನ್ನೆಲ್ಲ ತಿದ್ದಿ ಕಡ್ಡಿಯ ಹಾಗೆ ನೆಟ್ಟಗೆ ಮಲಗಿಸಿದರೆ ಅದರ ರೂಪ ಬಂದೀತು. ಹುರುಪೆಗಳ ಬದಲು ಮೈಗೆ ಎಲುಬಿನ ಬಳೆಗಳ ಕವಚ. ನೀಳವಾದ ಕೊಳವೆಮೂತಿ, ಅದರ ತುದಿಯಲ್ಲಿ ಹಲ್ಲಿಲ್ಲದ ಪುಟ್ಟ ಬಾಯಿ. ಒಳಗೆ ಜಠರವೇ ಇಲ್ಲ. ಜಠರವಿಲ್ಲದ ಜೀವಕ್ಕೆ ಒಮ್ಮೆ ಹೊಟ್ಟೆತುಂಬ ಉಂಡು ದಿನ ಕಳೆಯುವ ಭಾಗ್ಯವೆಲ್ಲಿಯದು? ಕೋಪೆಪಾಡ್ ಮೊದಲಾದ ಸೂಕ್ಷ್ಮ ಕವಚಜೀವಿಗಳನ್ನು ಅದು ಹಗಲುದ್ದಕ್ಕೂ ಒಂದೊಂದಾಗಿ ಹೆಕ್ಕುತ್ತಲೇ ಇರಬೇಕು. ಈ ಕುಲದಲ್ಲಿ ಮೊಟ್ಟೆ ಹೊರುವ ಕೆಲಸ ಗಂಡಿನದು. ಹೆಣ್ಣು ಒಪ್ಪಿಸಿದ ಮೊಟ್ಟೆಗಳನ್ನು ಗಂಡು ತನ್ನ ಮೈಯಡಿಯಲ್ಲಿ ಹೊತ್ತು ಮರಿಮಾಡುತ್ತದೆ.

ನಾನಿದ್ದಾಗ ಹುಡುಗ ಹೆಪ್ಪುಗಟ್ಟಿದ ಮೈಸಿಸ್ ಸಿಗಡಿಯನ್ನು ಬಟ್ಟಲಲ್ಲಿ ಕರಗಿಸಿ ತೊಟ್ಟಿಯುದ್ದಕ್ಕೂ ಸುರಿದು, "ಎಲ್ಲಕ್ಕೂ ಒಂದೇ ಸಮನಾಗಿ ಹಾಕ್ತೀನಿ ಮಾವ, ಭೇದ ಮಾಡಲ್ಲ" ಎಂದ. ಸುರಿದ ಕ್ಷಣವೇ ಎರಡು ಕ್ಲೌನ್‌ಫಿಶ್‌ಗಳೂ ಒಂದು ನೀಲಿ ಡ್ಯಾಮ್ಸೆಲ್ಲೂ ನೀರನ್ನು ಸೀಳಿಕೊಂಡು ಬಂದವು. ಕಲ್ಲಿನ ಚಾಚಿನಡಿಯಿಂದ ಕಿತ್ತಳೆ ಬಣ್ಣದ ಪೈಪ್‌ಫಿಶ್ ಒಂದು ಮೆಲ್ಲನೆ ಹೊರಬಂದು, ತೇಲಿಬರುತ್ತಿದ್ದ ಒಂದೇ ಒಂದು ಸಿಗಡಿಯತ್ತ ಒಂದು ಕಣ್ಣನ್ನೂ ಬೇರೆಲ್ಲಿಗೋ ಇನ್ನೊಂದು ಕಣ್ಣನ್ನೂ ಹೊರಳಿಸಿ, ಮೂತಿಯನ್ನು ಗುರಿಯ ಹತ್ತಿರ ತಂದು ನಿಂತಿತು. ಆ ನಿಲುಗಡೆ ಹಿಂಜರಿಕೆಯಲ್ಲ, ಅದರ ಬೇಟೆಯ ಕ್ರಮ. ದೂರವನ್ನು ಅಳೆದ ಬಳಿಕ ತಲೆಯನ್ನು ಒಮ್ಮೆಗೇ ಮೇಲಕ್ಕೆ ಚಿಮ್ಮಿ ಹೀರಿಕೊಳ್ಳುವುದು ಅದಕ್ಕೆ ತಿಳಿದ ಏಕೈಕ ವಿದ್ಯೆ. ಅಷ್ಟರಲ್ಲಿ ಡ್ಯಾಮ್ಸೆಲ್ ಆ ಸಿಗಡಿಯನ್ನು ಕಚ್ಚಿಕೊಂಡು ಹೋಯಿತು. ಪೈಪ್‌ಫಿಶ್ ಇನ್ನೊಂದನ್ನು ಆರಿಸಿತು, ಅದೂ ಹೋಯಿತು. ಬಟ್ಟಲು ಬರಿದಾದ ಮೇಲೆ ಅದರ ಒಡಲಿನ ಕೆಳಗೆರೆ ಒಳಕ್ಕೆ ಸೇದಿಕೊಂಡಿರುವುದನ್ನು ನಾನು ತೋರಿಸಿದೆ. ಹುಡುಗ ಮಾತಾಡಲಿಲ್ಲ.

ಮಳೆಯ ನ್ಯಾಯ ಅಲ್ಲಿ ಅಕ್ಷರಶಃ ನಡೆದಿತ್ತು. ಸುರಿದವನಲ್ಲಿ ರಾಗದ್ವೇಷಗಳಿರಲಿಲ್ಲ, ಒಂದು ಬೀಜ ಕೊಬ್ಬಿತು, ಇನ್ನೊಂದು ಸೊರಗಿತು. ಆದರೆ ಕಡಲಿನಲ್ಲಿ ಡ್ಯಾಮ್ಸೆಲ್ಲನ್ನೂ ಪೈಪ್‌ಫಿಶ್ಶನ್ನೂ ಒಂದೇ ಮೂರಡಿಯೊಳಗೆ ಕೂಡಿಹಾಕಿದವರು ಯಾರೂ ಇಲ್ಲ. ಅಲ್ಲಿ ಹಸಿದ ಮೀನು ಮುಂದಿನ ಬಂಡೆಗೆ ಹೋದೀತು, ಅಥವಾ ಸತ್ತೀತು, ಅದರ ಸಾವಿಗೆ ಕರ್ತೃವನ್ನು ಹುಡುಕಬೇಕಾಗಿಲ್ಲ. ತೊಟ್ಟಿಯಲ್ಲಿ ಮಳೆ ಸುರಿಸಿದವನೇ ಬೀಜಗಳನ್ನೂ ಆರಿಸಿ ತಂದಿದ್ದಾನೆ, ಅಂಗಡಿಗೆ ಹಣ ಕೊಟ್ಟು. ಅನಾದಿತ್ವದ ಮೊರೆಹೊಗುವಂತೆಯೂ ಇಲ್ಲ, ಏಕೆಂದರೆ ಆ ಜಗತ್ತಿನ ಪ್ರಾರಂಭದ ತಾರೀಖು ಅವನ ಡೈರಿಯಲ್ಲಿದೆ.

ಪ್ರಾರಂಭವುಳ್ಳ ಲೋಕಕ್ಕೆ ಅನಾದಿಯ ವೇಷ ಹಾಕುವ ಯತ್ನ ಈ ಹವ್ಯಾಸದ ಮೂಲಪುರುಷನಲ್ಲಿಯೇ ಕಾಣುತ್ತದೆಂಬುದು ವಿಚಿತ್ರ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಲು ನೆರವಾಗಿ, ಮರುವರ್ಷ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ ಫಿಲಿಪ್ ಹೆನ್ರಿ ಗಾಸ್ ಪರಮ ದೈವಭಕ್ತ. ಭೂಮಿಯ ಪದರಗಳಲ್ಲಿ ಕಾಣುವ ಅಗಾಧ ಪ್ರಾಚೀನತೆಯನ್ನು ಬೈಬಲ್ಲಿನ ಸೃಷ್ಟಿಕಥೆಯೊಡನೆ ಹೊಂದಿಸುವುದಕ್ಕಾಗಿ 1857ರಲ್ಲಿ ಅವನು 'ಓಂಫಲೋಸ್' ಎಂಬ ಇನ್ನೊಂದು ಗ್ರಂಥ ರಚಿಸಿದ: ತಾಯಿಯಿಲ್ಲದ ಆದಾಮನಿಗೂ ಹೊಕ್ಕುಳಿದ್ದ ಹಾಗೆ, ದೇವರು ಜಗತ್ತನ್ನು ಅದು ಎಂದೂ ಬಾಳದ ಭೂತಕಾಲದ ಗುರುತುಗಳ ಸಮೇತವಾಗಿಯೇ ಸೃಷ್ಟಿಸಿದನಂತೆ. ಇದನ್ನು ದೇವಶಾಸ್ತ್ರಜ್ಞರೂ ಒಪ್ಪಲಿಲ್ಲ, ವಿಜ್ಞಾನಿಗಳೂ ಒಪ್ಪಲಿಲ್ಲ. ಇಂದಿನ ಹವಳದ ತೊಟ್ಟಿಯಾದರೋ ಗಾಸನ ಸಿದ್ಧಾಂತದ ನಿಷ್ಕೃಷ್ಟ ನಿದರ್ಶನ. ಎಷ್ಟೋ ಕಾಲ ಕಡಲಲ್ಲಿ ಬೆಳೆದ ಜೀವಂತ ಕಲ್ಲನ್ನು ತಂದು ಹೊಸ ನೀರಿಗಿಳಿಸುತ್ತಾರೆ. ಅದರ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಕ್ರಮ ನೆಲೆಗೊಳ್ಳುವುದಕ್ಕೆ ಕೆಲವು ವಾರ ಬೇಕು. ಆಮೇಲೆ ನೋಡಿದವರಿಗೆ ಅದು ನೆನ್ನೆ ಮೊನ್ನೆಯ ಲೋಕವೆಂದು ತೋರದು. ಗಾಸನ ಕಥೆಯ ಶೇಷಭಾಗ ಇನ್ನೂ ಕಹಿಯಾದುದು. ಅವನ ಪುಸ್ತಕಗಳನ್ನೋದಿದ ಜನ ಜಾಡಿ ಹಿಡಿದು ದಂಡೆಗಿಳಿದು, ಅವನು ಸ್ರಷ್ಟಾರನ ಮಹಿಮೆ ಕಂಡಿದ್ದ ಬಂಡೆಯ ಕೊಳಗಳನ್ನು ಬರಿದುಮಾಡಿದ್ದನ್ನು ಅವನ ಮಗ ಎಡ್ಮಂಡ್ 1907ರಲ್ಲಿ ತನ್ನ ಆತ್ಮಕಥನದಲ್ಲಿ ನೊಂದು ಬರೆದಿದ್ದಾನೆ.

ಈಗ ಸಹವಾಸಿಗಳ ಪ್ರಶ್ನೆ. ಪೈಪ್‌ಫಿಶ್ ಸಾಕುವುದೆಂದರೆ ಬಹುಮಟ್ಟಿಗೆ ಬೇರೆ ಮೀನುಗಳನ್ನು ಸಾಕದಿರುವುದು. ಡ್ಯಾಮ್ಸೆಲ್, ಡಾಟಿಬ್ಯಾಕ್, ಟ್ರಿಗರ್ ಇವು ಸಲ್ಲವೆಂಬುದನ್ನು ಯಾರೂ ಬಲ್ಲರು. ಸೀ ಅನಿಮೊನಿಯೂ ಉದ್ದನೆಯ ಗ್ರಾಹಕಗಳಿಂದ ಕುಟುಕುವ ಹವಳಗಳೂ ಎಷ್ಟು ಮೋಹಕವಾಗಿದ್ದರೂ ಸಲ್ಲವು, ಬಲಹೀನ ಈಜುಗಾರನಾದ ಈ ಮೀನು ಅವುಗಳಿಗೆ ತಗುಲಿ ಸಿಕ್ಕಿಬಿದ್ದೀತು. ದೊಡ್ಡ ಏಡಿ ಸಲ್ಲದು. ನೀರೆಳೆಯುವ ಪಂಪಿನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಪಂಪೂ ಸಲ್ಲದು. ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದ್ದು ಮ್ಯಾಂಡರಿನ್ ಎಂಬ ಚಿತ್ತಾರದ ಮೀನು. ಅದು ಯಾರನ್ನೂ ಅಟ್ಟದು, ಕಚ್ಚದು, ಅದರಷ್ಟು ಸಾಧುವಾದ ಜೀವ ಹವಳದ ದಿಬ್ಬದಲ್ಲಿ ವಿರಳ. ಆದರೆ ಅದರ ಆಹಾರವೂ ಅದೇ ಕೋಪೆಪಾಡ್. ಚಿಕ್ಕ ತೊಟ್ಟಿಯಲ್ಲಿ ಇಬ್ಬರು ಸಾಧುಗಳನ್ನು ಕೂಡಿಸಿದರೆ ಇಬ್ಬರೂ ಪರಸ್ಪರ ಅರಿಯದೆಯೇ ಒಬ್ಬರನ್ನೊಬ್ಬರು ಉಪವಾಸ ಕೆಡಹುವರು. ಹಿಂಸೆ ಕ್ರೋಧದಿಂದಲೇ ಹುಟ್ಟಬೇಕೆಂದಿಲ್ಲ. ಇನ್ನು ನೀಲಿ ಪಟ್ಟೆಯವುಗಳಲ್ಲಿ ಎರಡು ಗಂಡುಗಳು ಕೂಡಿದರೆ ಕಾದಾಟ ತಪ್ಪದು. ಕೊನೆಗೆ ಉಳಿಯುವುದು ಜೋಡಿಯೊಂದು, ಒಂದೆರಡು ಸಣ್ಣ ಗೋಬಿ ಮೀನು, ಬಸವನಹುಳುಗಳು, ಕುಟುಕಿನ ಬಲ ಕಡಮೆಯಾದ ಮೆದು ಹವಳಗಳು.

ಕನ್ನಡನಾಡಿನ ಜೈನ ಶ್ರಾವಕರಿಗೆ ಬಹುಕಾಲದಿಂದ ಪರಿಚಿತವಾದ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಮೀನು ಸಾಕುವವನು ಮೊದಲನೆಯದನ್ನು ಮಾಡಿಯೇ ಇದ್ದಾನೆ, ಅದನ್ನು ಅವನೂ ಬಲ್ಲ. ಐದನೆಯದು ತನ್ನಿಂದ ನಡೆಯುತ್ತಿದೆಯೆಂದು ಅವನಿಗೆ ಹೊಳೆಯುವುದೇ ಇಲ್ಲ, ಕೈಯಲ್ಲಿ ಆಹಾರದ ಬಟ್ಟಲು ಹಿಡಿದೇ ನಿಂತಿರುವುದರಿಂದ. ಅದೇ ಧರ್ಮ ಗೃಹಸ್ಥನಿಗೆ ಪರಿಗ್ರಹದ ಪರಿಮಾಣವನ್ನೂ ವಿಧಿಸಿತು. ತೊಟ್ಟಿಯಲ್ಲಿ ಈ ಎರಡು ವ್ರತಗಳೂ ಒಂದೇ ಆಗಿಬಿಡುತ್ತವೆ: ಬಣ್ಣದ ಇನ್ನೊಂದು ಮೀನನ್ನು ಅಂಗಡಿಯಲ್ಲೇ ಬಿಟ್ಟುಬಂದಷ್ಟೂ ಮನೆಯಲ್ಲಿರುವುದರ ಹೊಟ್ಟೆ ತುಂಬುತ್ತದೆ.

ಮೀನು ಸಾಕಿದವರಲ್ಲಿ ನಮ್ಮ ಪರಂಪರೆ ಬಲ್ಲ ಮೊದಲಿಗ ಮನು. ಶತಪಥಬ್ರಾಹ್ಮಣದ ಕಥೆಯಲ್ಲಿ ಬೆಳಗ್ಗೆ ಕೈತೊಳೆಯುವ ನೀರಿನಲ್ಲಿ ಬಂದ ಮರಿಮೀನು ಅವನಲ್ಲಿ ಬೇಡಿದ್ದು ಸಹವಾಸಿಗಳಿಂದ ರಕ್ಷಣೆಯನ್ನೇ. ಚಿಕ್ಕದಾಗಿರುವಷ್ಟು ಕಾಲ ಮೀನೇ ಮೀನನ್ನು ನುಂಗುವುದಲ್ಲ! ಮೊದಲು ಮಡಕೆಯಲ್ಲಿ, ಅದು ಸಾಲದಾದಾಗ ತೋಡಿದ ಹೊಂಡದಲ್ಲಿ, ಕಡೆಗೆ ಸಮುದ್ರಕ್ಕೆ ಎಂದು ತನ್ನ ಸಾಕಣೆಯ ಕ್ರಮವನ್ನು ಮೀನೇ ನಿರ್ಣಯಿಸಿತು. ನಮ್ಮ ಹವ್ಯಾಸಿಗೆ ಮೂರನೆಯ ಹೆಜ್ಜೆ ಮುಚ್ಚಿದೆ. ತೊಟ್ಟಿಯ ಮೀನನ್ನು ಕಂಡ ಕಡಲಿಗೆ ಬಿಟ್ಟರೆ ಅಲ್ಲಿಯ ಜೀವಗಳಿಗೆ ಪರದೇಶದ ರೋಗವನ್ನು ಹರಡಿದಂತೆ. ಭಾರತದಲ್ಲಿಯಾದರೋ ಮೊದಲ ಹೆಜ್ಜೆಯನ್ನೇ ಕಾನೂನು ತಡೆಯಿತು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಡಲಕುದುರೆಯ ಕುಲವೆಲ್ಲವೂ ಸೇರಿತು. ಹೊರದೇಶಗಳಲ್ಲಿ ಕೆಲವು ಜಾತಿಗಳ ಸಾಕಣೆಯಲ್ಲೇ ಹುಟ್ಟಿದ ಮರಿಗಳು ದೊರೆಯುವುದರಿಂದ ಹವಳದ ದಿಬ್ಬವನ್ನು ಸೂರೆಮಾಡುವ ಪಾಪವೊಂದು ತಪ್ಪೀತು, ಅಷ್ಟೇ.

ನಾನು ಮರಳುವುದಕ್ಕೆ ಮುಂಚೆ ತಂಗಿಯ ಮಗ ಡ್ಯಾಮ್ಸೆಲ್ಲನ್ನೂ ಕ್ಲೌನ್‌ಫಿಶ್‌ಗಳನ್ನೂ ಅಂಗಡಿಗೆ ಹಿಂದಿರುಗಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಸೀಸೆಯೊಂದರಲ್ಲಿ ಆರ್ಟೀಮಿಯ ಎಂಬ ಸಣ್ಣ ಸಿಗಡಿಯನ್ನು ಮರಿಮಾಡತೊಡಗಿದ. ಯೂಟಾ ಪ್ರಾಂತದ ಮಹಾ ಲವಣಸರೋವರದಿಂದ ಒಟ್ಟುಮಾಡಿದ, ವರ್ಷಗಟ್ಟಲೆ ಒಣಗಿಯೂ ಸಾಯದ ಮೊಟ್ಟೆಗಳವು. ಉಪ್ಪುನೀರಿಗೆ ಬಿದ್ದ ಒಂದು ದಿನದೊಳಗಾಗಿ ಅವು ಒಡೆಯುತ್ತವೆ; ಸೀಸೆಯ ಪಕ್ಕಕ್ಕೆ ದೀಪ ಹಿಡಿದರೆ ಮರಿಗಳೆಲ್ಲ ಬೆಳಕಿನ ಕಡೆಗೆ ಕಿತ್ತಳೆ ಬಣ್ಣದ ಮೋಡವಾಗಿ ಕೂಡುತ್ತವೆ, ಆಗ ಕೊಳವೆಯಿಂದ ಹೀರಿ ತೊಟ್ಟಿಗೆ ಬಿಡುವುದು. ಎರಡು ಮೀನಿಗೆ ದಿನಕ್ಕೆ ಸಾವಿರಾರು ಜೀವ! ವೈಷಮ್ಯವನ್ನು ತಿದ್ದಹೋಗಿ ನೈರ್ಘೃಣ್ಯದ ಲೆಕ್ಕ ಬೆಳೆಯಿತೆಂದು ಯಾರಾದರೂ ಹೇಳಿದರೆ, ಮೈಸಿಸ್ಸೂ ಒಂದು ಕಾಲಕ್ಕೆ ಜೀವವೇ ಆಗಿತ್ತೆಂಬುದರ ಹೊರತು ನನ್ನಲ್ಲಿ ಮರುಮಾತಿಲ್ಲ. ಸಾಕಲೇಬಾರದೆಂದು ಜೈನಮುನಿಯೊಬ್ಬರು ಅಪ್ಪಣೆ ಕೊಡಿಸಿದರೆ, ಮೀನನ್ನು ಇನ್ನೂ ತಾರದವರ ಮಟ್ಟಿಗೆ ಅದೇ ಸರಿಯೆಂದು ನಾನೂ ಒಪ್ಪುತ್ತೇನೆ. ತಂದುಬಿಟ್ಟವನಿಗೆ ಆ ಅಪ್ಪಣೆಯಿಂದ ಬಿಡುಗಡೆಯಿಲ್ಲ. ಅವನು ನಾಳೆಯ ಊಟದ ಮೊಟ್ಟೆಗಳನ್ನು ಇಂದೇ ನೀರಿಗೆ ಹಾಕಿಡಬೇಕು.