ಗೈಜಿಸನ ಉಂಗುರ, ಲ್ಯಾಬಿನ ರೂಟ್ ಪಾಸ್‌ವರ್ಡ್

ಸಂಶೋಧನಾ ಲ್ಯಾಬಿನ ಮೂಲೆಯಲ್ಲಿ, ಮೇಜಿನ ಕೆಳಗೆ ಬಿಸಿಗಾಳಿ ಉಗುಳುತ್ತ ಗುಂಯ್‌ಗುಡುವ ಒಂದು ಲಿನಕ್ಸ್ ವರ್ಕ್‌ಸ್ಟೇಷನ್ ಇರುತ್ತದೆ. ಅದರ ನೆತ್ತಿಗೊಂದು ಚೀಟಿ: ‘ಜಾಬ್ ಓಡುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ.’ ಚೀಟಿ ಬರೆದವರು ಪಿಎಚ್.ಡಿ. ಮುಗಿಸಿ ಹೋಗಿ ಎರಡು ವರ್ಷವಾಗಿದ್ದರೂ ಅದನ್ನು ಕೀಳುವ ಧೈರ್ಯ ಯಾರಿಗೂ ಬಂದಿರುವುದಿಲ್ಲ. ಹತ್ತು ಹನ್ನೆರಡು ಮಂದಿ ತಂತಮ್ಮ ಜಾಗದಿಂದಲೇ ಲಾಗಿನ್ ಆಗಿ ಅದರ ಮೇಲೆ ಲೆಕ್ಕ ಓಡಿಸುತ್ತಿರುತ್ತಾರೆ. ನೋಡಿಕೊಳ್ಳಲು ಮಾತ್ರ ಯಾರನ್ನೂ ನೇಮಿಸಿರುವುದಿಲ್ಲ. ಗುಂಪಿನಲ್ಲಿ ಲಿನಕ್ಸ್ ಒಂಚೂರು ಹೆಚ್ಚು ಬಲ್ಲ ವಿದ್ಯಾರ್ಥಿಯೊಬ್ಬ ಒಂದು ದಿನ ಗೈಡಿನ ಕಣ್ಣಿಗೆ ಬೀಳುತ್ತಾನೆ. ‘ಇನ್ಮೇಲೆ ಮಶೀನು ನೀನೇ ನೋಡ್ಕೊಳಪ್ಪ’ ಎಂಬ ಒಂದೇ ಮಾತಿನಲ್ಲಿ ಪಟ್ಟಾಭಿಷೇಕ ಮುಗಿಯುತ್ತದೆ. ಆ ಮಾತಿನ ಜೊತೆ ಅವನ ಕೈಗೆ ಬರುವುದು ರೂಟ್ ಪಾಸ್‌ವರ್ಡ್.

ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರರಿಗೂ ಒಂದು ಸಂಖ್ಯೆ. ಪ್ರತಿ ಕಡತಕ್ಕೂ ಮೂರು ಸುತ್ತಿನ ಬೇಲಿ: ಒಡೆಯನಿಗೆ ಇಷ್ಟು, ಗುಂಪಿಗೆ ಇಷ್ಟು, ಉಳಿದವರಿಗೆ ಇಷ್ಟು. ರೂಟ್ ಎಂಬ ಬಳಕೆದಾರನ ಸಂಖ್ಯೆ ಸೊನ್ನೆ, ಮತ್ತು ಈ ಸೊನ್ನೆಗೆ ಬೇಲಿಯೇ ಇಲ್ಲ. ಸಹಪಾಠಿಯ ಅರ್ಧ ಬರೆದ ಪ್ರಬಂಧವನ್ನು ಓದಬಹುದು, ಕಡತದ ತಾರೀಖು ತಿದ್ದಬಹುದು, ಓದಿದ್ದೂ ತಿದ್ದಿದ್ದೂ ದಾಖಲಾದ ಲಾಗ್ ಅನ್ನೇ ಅಳಿಸಬಹುದು.

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲಾಕನ್ ಎಂಬಾತನ ಬಾಯಿಂದ ಒಂದು ಕಥೆ ಹೇಳಿಸುತ್ತಾನೆ. ಲಿಡಿಯಾ ದೇಶದ ಕುರುಬನಿಗೆ ಭೂಕಂಪದಲ್ಲಿ ಬಿರಿದ ನೆಲದೊಳಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಮುಖ ತಿರುಗಿಸಿದರೆ ತೊಟ್ಟವನು ಅದೃಶ್ಯ. ಕುರುಬ ಅರಮನೆಗೆ ಹೋಗಿ ರಾಣಿಯನ್ನು ಒಲಿಸಿಕೊಂಡು, ದೊರೆಯನ್ನು ಕೊಂದು, ಸಿಂಹಾಸನ ಏರುತ್ತಾನೆ. ಇಂಥ ಎರಡು ಉಂಗುರ ಮಾಡಿಸಿ ಒಂದನ್ನು ಸಜ್ಜನನಿಗೆ, ಇನ್ನೊಂದನ್ನು ದುರ್ಜನನಿಗೆ ಕೊಟ್ಟರೆ ಇಬ್ಬರೂ ಒಂದೇ ದಾರಿ ಹಿಡಿಯುತ್ತಾರೆ ಎಂಬುದು ಗ್ಲಾಕನ್‌ನ ವಾದ. ಗೈಜಿಸನ ಉಂಗುರ ಎಂದು ಹೆಸರಾದ ಈ ಕಥೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಲ್ಪನೆಯಾಗಿಯೇ ಉಳಿದಿತ್ತು. ಕಂಪ್ಯೂಟರನ್ನು ಹಲವರು ಹಂಚಿಕೊಳ್ಳತೊಡಗಿದ ಮೇಲೆ ಅದು ದಿನಬಳಕೆಯ ಸಂಗತಿಯಾಯಿತು.

ಹಂಚಿಕೊಳ್ಳುವ ಯಂತ್ರಕ್ಕೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ, ಫರ್ನಾಂಡೊ ಕೊರ್ಬಾಟೊ ತಂಡ ಕಟ್ಟಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ. ಅದು ಕಳುವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅಲನ್ ಶೆರ್‌ಗೆ ಸಿಕ್ಕಿದ್ದ ಯಂತ್ರದ ಪಾಲು ಸಾಲುತ್ತಿರಲಿಲ್ಲ. 1962ರಲ್ಲಿ ಆತ ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಪಂಚ್ ಕಾರ್ಡ್ ಹಾಕಿದ, ಯಂತ್ರ ಮುದ್ರಿಸಿಕೊಟ್ಟಿತು. ದಶಕಗಳ ನಂತರ ಇದನ್ನು ಆತನೇ ಒಪ್ಪಿಕೊಂಡ. ಕದ್ದದ್ದು ಹಣಕ್ಕಲ್ಲ, ಪ್ರಬಂಧಕ್ಕೆ ಬೇಕಾದ ಲೆಕ್ಕ ಮುಗಿಸಲು. ಲ್ಯಾಬಿನ ಪಾಪಗಳು ಬಹುಪಾಲು ಈ ಜಾತಿಯವೇ.

ಅದೇ ಎಂಐಟಿಯ ಕೃತಕ ಬುದ್ಧಿಮತ್ತೆ ಲ್ಯಾಬಿನ ಮಂದಿ ಗ್ಲಾಕನ್‌ಗೆ ತಮಾಷೆಯ ಉತ್ತರವೊಂದನ್ನು ಕೊಟ್ಟರು. ಅವರ ಐಟಿಎಸ್ ವ್ಯವಸ್ಥೆಯಲ್ಲಿ ಮೊದಮೊದಲು ಪಾಸ್‌ವರ್ಡೇ ಇರಲಿಲ್ಲ. ಯಂತ್ರವನ್ನು ಬೀಳಿಸಲೆಂದೇ ಒಂದು ಆಜ್ಞೆಯಿತ್ತು, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದಿತ್ತು. ಬೀಳಿಸುವುದು ಅಷ್ಟು ಸಲೀಸಾದರೆ ಅದರಲ್ಲಿ ಗಂಡಸುತನವೇನೂ ಉಳಿಯದು ಎಂಬ ಲೆಕ್ಕ. ಎಲ್ಲರ ಬೆರಳಿಗೂ ಉಂಗುರ ತೊಡಿಸಿದರೆ ಉಂಗುರಕ್ಕೆ ಬೆಲೆ ಎಲ್ಲಿ? ಆ ಲ್ಯಾಬಿನಲ್ಲಿ ಬೆಳೆದ ರಿಚರ್ಡ್ ಸ್ಟಾಲ್‌ಮನ್, ಮುಂದೆ ತನ್ನ ಗ್ನೂ ಯೋಜನೆಯ ‘ಸು’ ಆಜ್ಞೆಯಲ್ಲಿ ರೂಟ್ ಆಗುವ ಹಕ್ಕನ್ನು ಕೆಲವರಿಗಷ್ಟೇ ಮೀಸಲಿಡುವ ಏರ್ಪಾಡನ್ನು ಬೇಕೆಂದೇ ಕೈಬಿಟ್ಟ. ಕಾರಣವನ್ನು ಕೈಪಿಡಿಯಲ್ಲೇ ಬರೆದ: ಕೆಲವರು ಉಳಿದವರ ಮೇಲೆ ಅಧಿಕಾರ ನಡೆಸುವುದನ್ನು ನಾನು ಕಂಡಿದ್ದೇನೆ, ನನ್ನ ಒಲವು ಸಾಮಾನ್ಯ ಬಳಕೆದಾರರ ಕಡೆಗೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್, ಅದರ ಪಡಿಯಚ್ಚಿನಲ್ಲಿ 1991ರಲ್ಲಿ ಬಂದ ಲಿನಕ್ಸ್. ಅಲ್ಲಿ ಇರುವುದು ಒಂದೇ ಉಂಗುರ. ಎಲ್ಲರಿಗೂ ಉಂಗುರ, ಒಬ್ಬರಿಗೇ ಉಂಗುರ ಎಂಬ ಎರಡು ದಾರಿಗಳ ನಡುವಿನದು 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಕ್ಯಾಂಪಸ್ಸಿನಲ್ಲಿ ತೆರೆಯಿತು. ಬಾಬ್ ಕಾಗ್ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ‘ಸುಡೊ’ ಎಂಬ ಆ ಆಜ್ಞೆ ಉಂಗುರವನ್ನು ಯಾರ ಬೆರಳಿಗೂ ಕಾಯಂ ಆಗಿ ಕೊಡುವುದಿಲ್ಲ. ಒಂದು ಕೆಲಸದ ಮಟ್ಟಿಗೆ ತೊಡಿಸುತ್ತದೆ, ತೊಟ್ಟವರ ಹೆಸರನ್ನೂ ಮಾಡಿದ ಕೆಲಸವನ್ನೂ ಬರೆದಿಡುತ್ತದೆ. ಮೊದಲ ಸಲ ಬಳಸುವವರಿಗೆ ಪರರ ಖಾಸಗಿತನ ಗೌರವಿಸು, ಟೈಪ್ ಮಾಡುವ ಮುನ್ನ ಯೋಚಿಸು, ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯಿದೆ ಎಂಬ ಅರ್ಥದ ಮೂರು ಬುದ್ಧಿಮಾತನ್ನೂ ಹೇಳುತ್ತದೆ. ಅದೃಶ್ಯತೆಯೇ ರೋಗವಾದರೆ ಮದ್ದು ಹೆಸರು ಬರೆದಿಡುವುದು. ಅಷ್ಟರಮಟ್ಟಿಗೆ ಗ್ಲಾಕನ್‌ಗೆ ಉತ್ತರ ಸಿಕ್ಕಂತಾಯಿತು.

ಆದರೆ ಗ್ಲಾಕನ್ ಹೆದರಿದ್ದು ಕೆಟ್ಟ ಆಸೆಗೆ. ಹಂಚಿಕೊಂಡ ಯಂತ್ರಗಳ ಚರಿತ್ರೆ ತೋರಿಸುವುದು ಬೇರೆಯದನ್ನೇ.

2021ರ ಡಿಸೆಂಬರ್ 14ರಿಂದ 16ರ ನಡುವೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಿಂದ 77 ಟೆರಾಬೈಟ್‌ನಷ್ಟು ಸಂಶೋಧನಾ ದತ್ತಾಂಶ ಮಾಯವಾಯಿತು. ಸುಮಾರು 3 ಕೋಟಿ 40 ಲಕ್ಷ ಕಡತಗಳು, 14 ಸಂಶೋಧನಾ ಗುಂಪುಗಳು. ನಾಲ್ಕು ಗುಂಪುಗಳ ದತ್ತಾಂಶವನ್ನು ಮರಳಿ ತರಲು ಆಗಲೇ ಇಲ್ಲ. ಕಳ್ಳ ಯಾರೂ ಇರಲಿಲ್ಲ. ಯಂತ್ರ ಪೂರೈಸಿದ ಕಂಪನಿಯವರು ಬ್ಯಾಕಪ್ ಸ್ಕ್ರಿಪ್ಟನ್ನು ಸುಧಾರಿಸಿದ್ದರು, ಓದುವವರಿಗೆ ಅರ್ಥವಾಗುವಂತೆ ಅದರ ವೇರಿಯಬಲ್‌ಗಳ ಹೆಸರನ್ನು ಬದಲಿಸಿದ್ದರು. ಹಳೆಯ ಸ್ಕ್ರಿಪ್ಟ್ ಇನ್ನೂ ಓಡುತ್ತಿರುವಾಗಲೇ ಹೊಸದನ್ನು ಅದರ ಮೇಲೆ ಬರೆದರು. ಬ್ಯಾಷ್ ಎಂಬ ಶೆಲ್, ಸ್ಕ್ರಿಪ್ಟನ್ನು ಒಂದೇ ಗುಟುಕಿಗೆ ಓದಿಕೊಳ್ಳುವುದಿಲ್ಲ. ಓಡುತ್ತ ಓಡುತ್ತ ಓದುತ್ತದೆ. ಹೀಗಾಗಿ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ಓಡಿತು. ಹೊಸ ಹೆಸರುಗಳಿಗೆ ಬೆಲೆಯೇ ಗೊತ್ತುಮಾಡಿರದ ಕಾರಣ, ಹಳೆಯ ಲಾಗ್‌ಗಳನ್ನಷ್ಟೇ ಅಳಿಸಬೇಕಿದ್ದ ಆಜ್ಞೆ ಬಳಕೆದಾರರ ಕಡತಗಳನ್ನು ಅಳಿಸುತ್ತ ಹೋಯಿತು. ಸ್ಪಷ್ಟತೆಗಾಗಿ ಮಾಡಿದ ತಿದ್ದುಪಡಿ ಅದು.

ಇದಾದರೂ ಕಣ್ಣಿಗೆ ಕಂಡ ಹಾನಿ. ಕಾಣದ ಹಾನಿಯೂ ಇದೆ. 2012ರಲ್ಲಿ ಎಡ್ ಗ್ರೋನೆನ್‌ಶಿಲ್ಡ್ ಮತ್ತು ಸಂಗಡಿಗರು 30 ಮಂದಿಯ ಮೆದುಳಿನ ಎಂಆರ್‌ಐ ಚಿತ್ರಗಳನ್ನು ಫ್ರೀಸರ್ಫರ್ ಎಂಬ ಹೆಸರಾಂತ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳಲ್ಲಿ, ಬೇರೆ ಬೇರೆ ಯಂತ್ರಗಳಲ್ಲಿ ಅಳೆದರು. ಅದೇ ಚಿತ್ರ, ಅದೇ ಮೆದುಳು. ಆವೃತ್ತಿ ಬದಲಾದಾಗ ಮೆದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ. 8.8ರಷ್ಟು ವ್ಯತ್ಯಾಸ ಬಂತು. ತಂತ್ರಾಂಶ ಅದೇ ಇದ್ದು ಯಂತ್ರವಷ್ಟೇ ಬದಲಾದಾಗಲೂ ವ್ಯತ್ಯಾಸ ಇತ್ತು, ಸುಮಾರು ಅರ್ಧದಷ್ಟು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ಇನ್ನೊಂದನ್ನು ಪತ್ತೆಹಚ್ಚಿದರು. ಅಣುರಚನೆ ಗುರುತಿಸಲು 2014ರಿಂದ ಹಲವರು ಬಳಸುತ್ತಿದ್ದ ಪೈಥಾನ್ ಸ್ಕ್ರಿಪ್ಟ್‌ಗಳು ವಿಂಡೋಸ್‌ನಲ್ಲಿ ಒಂದು ಉತ್ತರ, ಉಬುಂಟುವಿನಲ್ಲಿ ಇನ್ನೊಂದು ಉತ್ತರ ಕೊಡುತ್ತಿದ್ದವು. ಕಡತಗಳನ್ನು ಯಾವ ಸಾಲಿನಲ್ಲಿ ತಂದುಕೊಡಬೇಕೆಂದು ಸ್ಕ್ರಿಪ್ಟ್ ಹೇಳಿರಲಿಲ್ಲ, ಒಂದೊಂದು ಆಪರೇಟಿಂಗ್ ಸಿಸ್ಟಮ್ ತನಗೆ ತೋಚಿದ ಸಾಲಿನಲ್ಲಿ ತಂದುಕೊಡುತ್ತಿತ್ತು. ದೋಷ ಹೋಗಲು ಬೇಕಾದದ್ದು ಕಡತಗಳನ್ನು ಮೊದಲು ವಿಂಗಡಿಸಿಕೊಳ್ಳುವ ಒಂದು ಆಜ್ಞೆ.

ಈಗ ಪಟ್ಟ ಕಟ್ಟಿಸಿಕೊಂಡ ಆ ವಿದ್ಯಾರ್ಥಿಯನ್ನು ನೆನೆಯಿರಿ. ಶುಕ್ರವಾರ ಸಂಜೆ, ಎಲ್ಲರಿಗೂ ಒಳ್ಳೆಯದಾಗಲೆಂದು ಯಂತ್ರವನ್ನು ಅಪ್‌ಡೇಟ್ ಮಾಡುತ್ತಾನೆ. ಸೋಮವಾರ ಬೆಳಿಗ್ಗೆ ಸಹಪಾಠಿಯ ಮೂರು ವರ್ಷದ ಅಂಕಿಗಳು ಕೂದಲೆಳೆಯಷ್ಟು ಸರಿದಿರುತ್ತವೆ, ಅವಳಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗೆಂದು ಅಪ್‌ಡೇಟ್ ಮಾಡದೆ ಕೂರುವಂತೆಯೂ ಇಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಲ್ಯಾಬಿನಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ, ಸಂಶೋಧನೆಯ ಅನುದಾನ ಮುಗಿದು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಬಿದ್ದಿದ್ದ. ಯಂತ್ರ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗದ್ದನ್ನು ಬೆನ್ನುಹತ್ತಿ ಹೋದವನಿಗೆ ಸಿಕ್ಕಿದ್ದು, ತಂತ್ರಾಂಶದ ಬಿರುಕಿನಲ್ಲಿ ನುಸುಳಿ ರೂಟ್ ಆಗುತ್ತಿದ್ದ ಜರ್ಮನಿಯ ಗೂಢಚಾರ. ಸ್ಟೋಲ್ ಲ್ಯಾಬಿನ ಟೆಲಿಫೋನ್ ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಕಳ್ಳನಿಗೆ ಗೊತ್ತಾಗದಂತೆ ತಿಂಗಳುಗಟ್ಟಲೆ ಅವನ ಒಂದೊಂದು ಅಕ್ಷರವನ್ನೂ ಅಚ್ಚು ಹಾಕಿಸಿಕೊಂಡ. ಕಳ್ಳನೂ ಉಂಗುರ ತೊಟ್ಟಿದ್ದ, ಕಾವಲುಗಾರನೂ ತೊಟ್ಟಿದ್ದ. ಬಿರುಕು ಮುಚ್ಚುವುದೂ ಧರ್ಮ, ನೆರೆಯವರ ಅಂಕಿ ಅಲುಗಿಸದಿರುವುದೂ ಧರ್ಮ. ಎರಡೂ ಒಂದೇ ಕೈಯಲ್ಲಿ ಬಂದು ನಿಂತಾಗ ಒಳ್ಳೆಯ ಮನಸ್ಸೊಂದೇ ದಾರಿ ತೋರುವುದಿಲ್ಲ.

ಗಾಂಧೀಜಿ ಸಂಪತ್ತಿನ ಒಡೆಯರು ಧರ್ಮದರ್ಶಿಗಳಂತೆ ಇರಬೇಕೆಂದರು: ಇರುವುದೆಲ್ಲ ಸಮಾಜದ್ದು, ತಾನು ಕಾಯುವವನು ಮಾತ್ರ. ರೂಟ್ ಹಿಡಿದವರಿಗೆ ಇದು ಹೇಳಿ ಮಾಡಿಸಿದ ಮಾತು. ಆದರೆ ಇಲ್ಲೂ ಎಲ್ಲವೂ ನಿಂತಿರುವುದು ಧರ್ಮದರ್ಶಿಯ ಅಂತಃಕರಣದ ಮೇಲೆ. ಕ್ಯೋಟೊದ ಸ್ಕ್ರಿಪ್ಟ್ ತಿದ್ದಿದವರಿಗೆ ಅಂತಃಕರಣದ ಕೊರತೆ ಇರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ‘ಅದೇ ಪ್ರೋಗ್ರಾಂ’ ಎಂದು ಸಲೀಸಾಗಿ ಹೇಳುವ ಮಾತಿನಲ್ಲಿ. ಪಾಲಿ ಭಾಷೆಯ ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನ ಮಿಲಿಂದ ದೊರೆಯನ್ನು ಕೇಳುತ್ತಾನೆ: ನೀನು ಬಂದದ್ದು ರಥದಲ್ಲಿ ತಾನೆ? ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ. ಅವೆಲ್ಲ ಕೂಡಿದಾಗ ವ್ಯವಹಾರಕ್ಕೆ ಕೊಟ್ಟ ಹೆಸರು ರಥ. ಫ್ರೀಸರ್ಫರ್ ಕೂಡ ಅಂಥ ಹೆಸರೇ. ಅದರ ಕೆಳಗೆ ಗಣಿತದ ಲೈಬ್ರರಿಗಳು, ಕಂಪೈಲರ್, ಆಪರೇಟಿಂಗ್ ಸಿಸ್ಟಮ್, ಪ್ರೊಸೆಸರ್. ಒಂದು ಗಾಲಿ ಬದಲಾದರೂ ಹೆಸರು ಬದಲಾಗುವುದಿಲ್ಲ, ಬಾಯಲ್ಲಿ ಅದೇ ರಥ.

ಎಂಜಿನಿಯರುಗಳು ಈ ಒಗಟನ್ನು ಬಿಡಿಸಿದ್ದು ಹೆಸರಿಡುವ ಕ್ರಮವನ್ನೇ ಬದಲಿಸಿ. 1991ರಲ್ಲಿ ಬಂದ ಎನ್ವಿರಾನ್‌ಮೆಂಟ್ ಮಾಡ್ಯೂಲ್ಸ್ ಎಂಬ ಸಲಕರಣೆ, ತಂತ್ರಾಂಶದ ಹಳೆಯ ಆವೃತ್ತಿಯನ್ನು ಕಿತ್ತುಹಾಕದೆ ಹೊಸದರ ಪಕ್ಕದಲ್ಲೇ ಇಟ್ಟು, ಯಾವುದು ಬೇಕೆಂದು ಬಳಕೆದಾರರೇ ಹೇಳುವಂತೆ ಮಾಡಿತು. ನೆದರ್‌ಲೆಂಡ್ಸ್‌ನ ಈಲ್ಕೊ ಡೋಲ್‌ಸ್ಟ್ರಾ ಶುರುಮಾಡಿದ ನಿಕ್ಸ್ ಇನ್ನೂ ಮುಂದೆ ಹೋಯಿತು. ಅಲ್ಲಿ ಪ್ರತಿ ತಂತ್ರಾಂಶದ ಹೆಸರಿಗೂ ಒಂದು ಹ್ಯಾಷ್ ಅಂಟಿರುತ್ತದೆ, ಅದನ್ನು ಕಟ್ಟಲು ಬಳಸಿದ ಎಲ್ಲ ಭಾಗಗಳಿಂದ ಲೆಕ್ಕಹಾಕಿದ ಗುರುತು ಅದು. ಗಾಲಿಯ ಒಂದು ಕಡ್ಡಿ ಬದಲಾದರೂ ರಥದ ಹೆಸರೇ ಬೇರೆಯಾಗುತ್ತದೆ. 2015ರಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ಸಿಂಗ್ಯುಲಾರಿಟಿ, ಈಗಿನ ಹೆಸರು ಆಪ್ಟೇನರ್, ಇಡೀ ತಂತ್ರಾಂಶದ ಸಂಸಾರವನ್ನು ಒಂದೇ ಕಡತದಲ್ಲಿ ಗಂಟುಕಟ್ಟಿ ಕೊಡುತ್ತದೆ. ಹೊರಗೆ ಸಾಮಾನ್ಯನಾದವನು ಆ ಗಂಟಿನೊಳಗೂ ಸಾಮಾನ್ಯನೇ. ಕೊಂಡಾ, ಸ್ಪ್ಯಾಕ್ ಎಂಬ ಸಲಕರಣೆಗಳಿಂದ ವಿದ್ಯಾರ್ಥಿಗಳು ಅಡ್ಮಿನ್ ಬಾಗಿಲು ತಟ್ಟದೆ ತಮ್ಮ ಹೋಮ್ ಫೋಲ್ಡರಿನಲ್ಲೇ ಬೇಕಾದ್ದನ್ನು ಹಾಕಿಕೊಳ್ಳಬಹುದು. ಇವೆಲ್ಲ ಮಾಡಿದ್ದು ಒಂದೇ: ರೂಟ್ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಅದರ ಕೈಯಿಂದ ಬಿಡಿಸಿದ್ದು.

ಉಳಿಯುವುದು ಯಂತ್ರದ ಹೊತ್ತು, ಜಾಗಗಳ ಹಂಚಿಕೆಯ ಜಗಳ. ಹಳೆ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವ ಕೆಲಸ ನೀರುಗಂಟಿಯದು, ರೈತರು ತಾವೇ ತೂಬಿಗೆ ಕೈ ಹಾಕುವಂತಿರಲಿಲ್ಲ. ಎಲ್ಲರ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದದ್ದಕ್ಕೆ ಎಲಿನರ್ ಆಸ್ಟ್ರಮ್ 1990ರಲ್ಲಿ ಕೊಟ್ಟ ಉತ್ತರದಲ್ಲಿ ಇಂಥ ನೀರಾವರಿಗಳೂ ಸಾಕ್ಷಿ: ಬಳಸುವವರೇ ಕಟ್ಟಳೆ ಮಾಡಿಕೊಂಡ ಕಡೆ ಸಾಮುದಾಯಿಕ ಸೊತ್ತು ಉಳಿದಿದೆ. ಲಿನಕ್ಸ್ ಯಂತ್ರಗಳ ನೀರುಗಂಟಿ ಸ್ಲರ್ಮ್ ಎಂಬ ತಂತ್ರಾಂಶ. ಈಚೆಗೆ ಹೆಚ್ಚು ಬಳಸಿದವರನ್ನು ಅದು ಸರದಿಯಲ್ಲಿ ಹಿಂದಕ್ಕೆ ತಳ್ಳಬಲ್ಲದು. ಬೇರೆ ಹೇಳದಿದ್ದರೆ ಏಳು ದಿನಕ್ಕೊಮ್ಮೆ ಹಳೆಯ ಬಳಕೆಯ ಭಾರವನ್ನು ಅರ್ಧಕ್ಕಿಳಿಸುತ್ತದೆ. ಕರ್ಮಕ್ಕೆ ಅರ್ಧಾಯುಷ್ಯ ಕೊಟ್ಟ ಮೊದಲ ದರ್ಶನ ಇದೇ ಇರಬೇಕು. ಹೀಗಿದ್ದೂ ಚಾಲಾಕಿ ನಿಂತಿಲ್ಲ. ಬಹುಕಾಲ ಮುಟ್ಟದ ಕಡತಗಳನ್ನು ಅಳಿಸುವ ನಿಯಮವಿದ್ದರೆ, ಕೆಲವರು ‘ಟಚ್’ ಆಜ್ಞೆ ಕೊಟ್ಟು ಕಡತದ ತಾರೀಖನ್ನಷ್ಟೇ ಹೊಸದು ಮಾಡಿ ತಪ್ಪಿಸಿಕೊಳ್ಳುತ್ತಾರೆ.

ಲ್ಯಾಬ್ ಬಿಟ್ಟು ಹೋದವರಿಗೆ ಈ ಜಗಳದಲ್ಲಿ ಬಾಯಿಲ್ಲ. ಅವರ ಖಾತೆಯನ್ನು ಅಳಿಸಿದರೆ ಕಡತಗಳ ಮುಂದೆ ಹೆಸರು ಇದ್ದಲ್ಲಿ ಬರೀ ಸಂಖ್ಯೆ ಕಾಣುತ್ತದೆ, 1047 ಎಂದೋ ಏನೋ. ಯಂತ್ರಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಮುಂದಿನ ವರ್ಷ ಬಂದ ಹೊಸಬರಿಗೆ ಅದೇ 1047 ಬಿದ್ದರೆ ಹಿಂದಿನವರ ಟಿಪ್ಪಣಿ, ದತ್ತಾಂಶ, ಪತ್ರಗಳೆಲ್ಲ ಹೊಸಬರ ಸೊತ್ತಾಗಿಬಿಡುತ್ತವೆ. ಅದಕ್ಕೇ ಅನುಭವವಿರುವ ಅಡ್ಮಿನ್‌ಗಳು, ಅಳಿಸುವ ಅಧಿಕಾರ ಕೈಯಲ್ಲಿದ್ದರೂ, ಹೋದವರ ಖಾತೆಯನ್ನು ಅಳಿಸುವುದಿಲ್ಲ. ಬೀಗ ಹಾಕುತ್ತಾರೆ, ಆ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ.