ಎದೆಯ ಮೇಲೆ ಯಾರ ಹೆಸರು?



ಕಾಲೇಜಿನ ಕಬಡ್ಡಿ ಸಂಘಕ್ಕೆ ವರ್ಗಣಿ ಎತ್ತಲು ನಾವು ಐವರು ಪಾವತಿ ಪುಸ್ತಕ ಹಿಡಿದು ಬೆಳಗಾವಿ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆವು. ಬೇಕಾದದ್ದು ಬನಿಯನ್ನು, ಬೂಟು, ಬಸ್ಸಿನ ಚಾರ್ಜು. ಒಬ್ಬ ಸಾಹುಕಾರರು ಕೂಡ್ರಿಸಿ ಮಾತಾಡಿಸಿದರು. ಯಾವ ಊರು, ಯಾವ ಓಣಿ ಎಂದು ಕೇಳಿದರು. ಹೇಳಿದೆವು. ಆಮೇಲೆ ಚಹಾ ಬಂತು: ಮೂವರಿಗೆ ಪಿಂಗಾಣಿ ಕಪ್, ಖಾನಾಪುರ ಕಡೆಯ ಇಬ್ಬರಿಗೆ ಕಾಗದದ ಕಪ್. “5000 ಕೊಡ್ತೀನಿ. ಎಲ್ಲಾರ ಎದಿ ಮ್ಯಾಲೂ ನಮ್ಮ ಅಂಗಡಿ ಹೆಸರು ಇರಬೇಕು ನೋಡ್ರಿ” ಎಂದರು.

ಈ ಹಣ ತಗೋಬೇಕೇ, ಬಿಡಬೇಕೇ?

ಪ್ರಶ್ನೆ ಹೊಸದಲ್ಲ. ಬಾಳೂ ಪಾಲ್ವಣಕರ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯ ಇಂಗ್ಲಿಷರ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕಿದ್ದವರು. ಅವರ ಎಡಗೈ ಸ್ಪಿನ್ ಬೇಕಾಗಿ ಅಲ್ಲಿಯ ಹಿಂದೂ ಕ್ಲಬ್ಬು ಆಡಲು ಕರೆಯಿತು. ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಅವರು ಹೊರಗೆ, ಕೈಯಲ್ಲಿ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕಪಟ್ಟ ಆ ಮನೆಗೆ ಬಂದದ್ದು 1923ರಲ್ಲಿ, ಅದೂ ತಮ್ಮ ವಿಠ್ಠಲರಿಗೆ. ನಮ್ಮ ಬೆವರು ಬೇಕು, ನಮ್ಮ ಬಾಯಿ ತಾಗಿದ ಕಪ್ ಬೇಡ! ಅಂದಿನ ಕುಡಿಕೆ ಇಂದು ಕಾಗದದ್ದಾಗಿದೆ, ಅಷ್ಟೇ.

ಹೊರಗೆ ಬಂದು ವಾದಕ್ಕೆ ಬಿದ್ದೆವು. ನಾಲ್ವರು “ಬ್ಯಾಡ” ಅಂದೆವು. ಒಬ್ಬ ಗೆಳೆಯ ಮಾತ್ರ, “ರೊಕ್ಕಕ್ಕ ಜಾತಿ ಎಲ್ಲೈತೋ? ಬೂಟು ಬಂದರ ಸಾಕು” ಅಂದ. ಕಾಗದದ ಕಪ್ ಹಿಡಿದ ಇಬ್ಬರಲ್ಲಿ ಅವನೂ ಒಬ್ಬ. ಬೇಡ ಅಂದ ನಾಲ್ವರಿಗೂ ಬೂಟಿದ್ದವು. ಅವನ ಕಾಲಲ್ಲಿ ಹರಿದ ಚಪ್ಪಲಿ. ಬೂಟಿಲ್ಲದವನ ಖರ್ಚಿನಲ್ಲಿ ಬೂಟಿದ್ದವರು ಸ್ವಾಭಿಮಾನಿಗಳಾಗುವುದು ಯಾವ ನ್ಯಾಯ?

5000 ಬಿಟ್ಟು ಬಂದೆವು. ಮನಸ್ಸಿಗೆ ಸಮಾಧಾನವಿರಲಿಲ್ಲ. ಭಾನುವಾರ ಖಾನಾಪುರದ ಬಸ್ಸು ಹತ್ತಿದೆವು.

ಖಾನಾಪುರ ಕೆಂಪು ಮಣ್ಣಿನ ಸೀಮೆ; ಇಟ್ಟಿಗೆ, ಹೆಂಚು, ಗಡಿಗೆಗೆ ಹೆಸರಾದದ್ದು. ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಒಬ್ಬ ಅವ್ವ ತಾನು ಕುಡಿಯುವ ತಂಬಿಗೆಯಲ್ಲೇ ನೀರು ಕೊಟ್ಟಳು. ಸೆರಗಿನ ಗಂಟು ಬಿಚ್ಚಿ 20 ರೂಪಾಯಿ ಕೊಟ್ಟಳು. ನಾವು ಕೈಮುಗಿದು ಹೊರಟರೆ, ಮರಾಠಿ ಬೆರೆತ ಕನ್ನಡದಲ್ಲಿ, “ಯಾಕ್ರೆಪ್ಪಾ, ಪಾವತಿ ಹರದ ಕೊಡೂದಿಲ್ಲೇನು?” ಅಂದಳು. ನಾಚಿಕೆಯಾಯಿತು. ಬರೆದು ಕೊಟ್ಟೆವು. ಓದು ಬಾರದ ಆ ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡಳು.

ಸಾಹುಕಾರ ಕೇಳಿದ್ದು ನಮ್ಮ ಎದೆಯನ್ನು. ಅವ್ವ ಕೇಳಿದ್ದು ಲೆಕ್ಕವನ್ನು. ಅವನು ಒಡೆಯನಾಗಬಯಸಿದ, ಇವಳು ಪಾಲುದಾರಳಾದಳು. ವ್ಯತ್ಯಾಸ ದುಡ್ಡಿನ ಮೊತ್ತದ್ದಲ್ಲ. ನೆರೆಯ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರರು 1952ರಲ್ಲಿ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು, ಪೈಲ್ವಾನ ಖಾಶಾಬಾ ಜಾಧವ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲೆಂದು. ಊರವರೂ ವರ್ಗಣಿ ಕೂಡಿಸಿದರು. ಖಾಶಾಬಾ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಕೊಟ್ಟವರು ಅವರನ್ನು ಕೊಂಡುಕೊಳ್ಳಲಿಲ್ಲ.

ತಿರುಗಿ ಬಂದು ಸಂಘದಲ್ಲಿ ಮೂರು ಮಾತು ಬರೆದುಕೊಂಡೆವು. ಕೊಟ್ಟವರೆಲ್ಲರ ಹೆಸರು ಒಂದೇ ಗಾತ್ರದ ಅಕ್ಷರದಲ್ಲಿ ಗೋಡೆಯ ಮೇಲೆ. ಎದೆಯ ಮೇಲೆ ಯಾರದ್ದೂ ಇಲ್ಲ. ಕೂಡಿದ ಹಣದಲ್ಲಿ ಮೊದಲ ಜೋಡಿ ಬೂಟು ಇಲ್ಲದವನಿಗೆ. ಎಲ್ಲರಿಗೂ ಒಂದೇ ಕಪ್ ಇಲ್ಲದ ಕಡೆ ಚಹಾನೂ ಬ್ಯಾಡ, ರೊಕ್ಕಾನೂ ಬ್ಯಾಡ; ಬಿಟ್ಟ ರೊಕ್ಕವನ್ನು ಬೂಟಿದ್ದವರು ರಜೆಯಲ್ಲಿ ದುಡಿದು ತುಂಬಬೇಕು.

ಗೆಳೆಯ ಇನ್ನೂ ಒಪ್ಪಿಲ್ಲ. “ನಿಮ್ಮ ಸ್ವಾಭಿಮಾನ ಮುಗಿಯೂದ್ರಾಗ ಪಂದ್ಯಾನ ಮುಗೀತದ” ಅನ್ನುತ್ತಾನೆ. ಅವನಿಗೆ ಕೊಡಲು ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಹಳ್ಳಿಯ ಮಾಸ್ತರರೇ, ನಿಮ್ಮ ಶಾಲೆಯ ಆಟಕ್ಕೆಂದು ಪಟ್ಟಿ ಹಿಡಿದು ಹೊರಟಾಗ ಮೊದಲು ಮಕ್ಕಳ ಕಾಲು ನೋಡಿರಿ. ಯಾರ ಬಾಗಿಲು ತಟ್ಟಬೇಕೆಂಬುದನ್ನು ಆಮೇಲೆ ಗೊತ್ತು ಮಾಡಿರಿ. ನಾವಂತೂ ಗೆದ್ದರೂ ಸೋತರೂ ಖಾನಾಪುರಕ್ಕೆ ಹೋಗಲೇಬೇಕು. 20 ರೂಪಾಯಿಯ ಲೆಕ್ಕ ಒಪ್ಪಿಸುವುದಿದೆ.