ಬಿಡುವಿನ ವ್ರತ

ವೈದ್ಯಕೀಯ ಶಿಕ್ಷಣದ ಮೊದಲ ವರ್ಷದ ಪರೀಕ್ಷೆ ಮುಗಿಸಿ ವಿದ್ಯಾರ್ಥಿಯೊಬ್ಬನು ಬೆಳಗಾವಿಯಿಂದ ಚಿಕ್ಕೋಡಿ ಸೀಮೆಯ ಕಬ್ಬೂರಿಗೆ ರಜೆಗೆಂದು ಬಂದಿದ್ದಾನೆ ಎಂದಿಟ್ಟುಕೊಳ್ಳೋಣ. ಮರುದಿನ ಬೆಳಗಾಗುತ್ತಲೇ ನೆರೆಮನೆಯ ಅಜ್ಜಿ ಕಟ್ಟೆಯ ಮೇಲೆ ಬಂದು ಕೂಡುತ್ತಾಳೆ. "ತಮ್ಮಾ, ಈ ಮೊಣಕಾಲ ಬ್ಯಾನಿಗೆ ಒಂದ ಗುಳಿಗಿ ಹೇಳಪಾ." ತಂದೆಯ ಮುಖದಲ್ಲಿ ಹೆಮ್ಮೆ, ಮಗನ ಕಣ್ಣಿನಲ್ಲಿ ನಿದ್ದೆ. ಈ ಬಿಡುವು ಯಾರಿಗೆ ಸೇರಿದ್ದು? ಅವನಿಗೋ, ಅಜ್ಜಿಗೋ?

ವರ್ಷವಿಡೀ ದುಡಿದವನಿಗೆ ವಿಶ್ರಾಂತಿ ಹಕ್ಕೆಂದು ಕೆಲವರು ಹೇಳುವರು. ಸಮಾಜದ ನೆರವಿನಿಂದ ಓದುವವನು ರಜೆಯಲ್ಲಾದರೂ ಸೇವೆ ಮಾಡಲೆಂದು ಬೇರೆಯವರು ಹೇಳುವರು. ಎರಡರಲ್ಲೂ ಸತ್ಯಾಂಶವಿದೆ. ಎರಡನ್ನೂ ತೂಗಿ ನೋಡುವುದು ಅಗತ್ಯ.

ಮೊದಲು ವಿಶ್ರಾಂತಿಯ ಮಾತು. ಬಿಡುವಿಲ್ಲದೆ ನೀರುಣಿಸಿದ ಕಬ್ಬಿನ ಹೊಲ ಸವಳು ಹಿಡಿಯುವುದನ್ನು ನಮ್ಮ ಕಡೆಯ ರೈತರು ಬಲ್ಲರು. ಮನಸ್ಸಿನ ಸ್ಥಿತಿಯೂ ಅದೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ಸಲ್ಲಿಸಿದ ವರದಿಗಾಗಿ 25,590 ಸ್ನಾತಕ ವೈದ್ಯವಿದ್ಯಾರ್ಥಿಗಳು ಸಮೀಕ್ಷೆಗೆ ಉತ್ತರಿಸಿದ್ದರು. ಅವರಲ್ಲಿ ಶೇಕಡಾ 27.8ರಷ್ಟು ಮಂದಿ ತಮಗೆ ಮಾನಸಿಕ ಅಸ್ವಾಸ್ಥ್ಯವಿರುವುದಾಗಿ ತಿಳಿಸಿದರು. ದಣಿದ ಕೈ ತಪ್ಪು ಮಾಡುತ್ತದೆ. ವೈದ್ಯನ ತಪ್ಪಿನ ಫಲವನ್ನು ರೋಗಿ ಉಣ್ಣುತ್ತಾನೆ. ಆದುದರಿಂದ ಹೊತ್ತೇರುವವರೆಗೆ ಮಲಗುವ, ಅವ್ವನ ಕೈಯ ರೊಟ್ಟಿ ಉಂಡು ಗೆಳೆಯರೊಡನೆ ಆಡುವ ಹುಡುಗನನ್ನು ಸೋಮಾರಿ ಎಂದು ಹಳಿಯುವುದು ಉಚಿತವಲ್ಲ.

ಹಾಗಾದರೆ ಬಿಡುವಿನ ದೋಷ ಎಲ್ಲಿದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಅದರ ಲಕ್ಷಣಗಳು. ಗಮನಿಸಿರಿ: ಇಲ್ಲಿ ದೋಷವೆನಿಸಿದ್ದು ಸುಮ್ಮನಿರುವುದಲ್ಲ, ಎಚ್ಚರವಿಲ್ಲದೆ ಏನನ್ನಾದರೂ ಮಾಡುತ್ತಿರುವುದು.

ಈ ಅಳತೆಗೋಲಿನಿಂದ ಅಜ್ಜಿಯ ಕೋರಿಕೆಯನ್ನು ನೋಡೋಣ. ಹುಡುಗನು ಈ ವರ್ಷ ಓದಿದ್ದು ಅಂಗರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ. ಮೊಣಕಾಲಿನ ಪ್ರತಿಯೊಂದು ಎಲುಬಿನ ಹೆಸರು ಅವನಿಗೆ ಬಾಯಿಪಾಠ. ಔಷಧಶಾಸ್ತ್ರ ಬರುವುದು ಎರಡನೆಯ ವರ್ಷದಲ್ಲಿ. ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಯೊಂದರ ಹೆಸರು ಹೇಳಿದರೆ ಅಜ್ಜಿಗೆ ಸಂತೋಷ, ತಂದೆಗೆ ಗೌರವ. ಆದರೆ ಅಂಥ ಅನೇಕ ಗುಳಿಗೆಗಳು ದೀರ್ಘಕಾಲ ಸೇವಿಸಿದರೆ ಜಠರದಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು. ಮೊದಲೇ ದುರ್ಬಲವಾದ ಮೂತ್ರಪಿಂಡಗಳನ್ನು ಇನ್ನಷ್ಟು ಕೆಡಿಸಬಲ್ಲವು. ಅಜ್ಜಿಗೆ ಈಗಾಗಲೇ ಯಾವ ಬೇನೆಯಿದೆ, ಯಾವ ಔಷಧ ನಡೆದಿದೆ ಎಂಬುದನ್ನು ಅವನು ಕೇಳಿಯೇ ಇಲ್ಲ. ದಯೆಯಿಂದ ಆಡಿದ ಮಾತೇ ಹೀಗೆ ಹಿಂಸೆಯಾಗಿ ಪರಿಣಮಿಸಬಹುದು. ದಿನವಿಡೀ ಮಲಗಿದ್ದರೆ ಅವನಿಂದ ಇಷ್ಟು ಕೇಡು ಆಗುತ್ತಿರಲಿಲ್ಲ.

"ನನಗದು ಇನ್ನೂ ತಿಳಿಯದು, ಆಯಿ" ಎನ್ನುವುದು ಸುಲಭವಲ್ಲ. ಮನೆಯವರು ಕೂಡಿಟ್ಟ ಹಣ, ಊರವರು ಇಟ್ಟ ನಂಬಿಕೆ ಎಲ್ಲವೂ ಆ ಗಳಿಗೆಯಲ್ಲಿ ಎದುರು ನಿಲ್ಲುತ್ತವೆ. ಸತ್ಯವ್ರತದ ಪರೀಕ್ಷೆಯೆಂದರೆ ಇದೇ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತಿಳಿದುದನ್ನು ಹೇಳಿದರೆ ಅಂಕ ದೊರೆಯುತ್ತದೆ; ಇಲ್ಲಿ ತಿಳಿಯದ್ದನ್ನು ಒಪ್ಪಿಕೊಳ್ಳಬೇಕು, ಅಂಕ ಕೊಡುವವರು ಯಾರೂ ಇಲ್ಲ.

ಆದರೆ ಅಷ್ಟು ಹೇಳಿ ಒಳಗೆ ಹೋಗಿಬಿಟ್ಟರೆ ಸತ್ಯ ಉಳಿಯಿತು, ಕರುಣೆ ಉಳಿಯಲಿಲ್ಲ. ಅವನು ಅಜ್ಜಿಯ ಪಕ್ಕದಲ್ಲಿ ಕುಳಿತು, ನೋವು ಎಂದಿನಿಂದ, ನಡೆದಾಗಲೋ ಕೂತಾಗಲೋ ಎಂದು ಕೇಳಬಹುದು. ಮನೆಯ ಗೂಡಿನಲ್ಲಿರುವ ಗುಳಿಗೆಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಬಹುದು. ಮರುದಿನ ಆಕೆಯನ್ನು ಸರಕಾರಿ ದವಾಖಾನೆಗೆ ಕರೆದೊಯ್ದು, ಸರದಿಯಲ್ಲಿ ಜೊತೆಗೆ ನಿಂತು, ಆ ಚೀಟಿಯನ್ನು ವೈದ್ಯರ ಕೈಗೆ ಕೊಡಬಹುದು. ಇದಕ್ಕೆ ಅರ್ಧ ದಿನ ಸಾಕು. ರಜೆಯ ಉಳಿದ ದಿನಗಳೆಲ್ಲ ಅವನವೇ. 2021-22ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಮೊದಲ್ಗೊಂಡು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸುವ ಕ್ರಮ ವೈದ್ಯಕೀಯ ಪಠ್ಯದಲ್ಲಿ ಸೇರಿದೆ. ಕಾಲೇಜು ವಿಧಿಯಾಗಿ ಕಲಿಸುವುದನ್ನು ಸ್ವಂತ ಊರು ಪ್ರೀತಿಯಿಂದ ಕಲಿಸುತ್ತದೆ.

ನಮ್ಮ ಪರಂಪರೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ವೈದ್ಯವಿದ್ಯೆಯೂ ನಮಗೆ ಹೊಸದಲ್ಲ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿ ಮಾಂಸವಿಲ್ಲದ ಚಿಕಿತ್ಸೆಯನ್ನು ಎತ್ತಿಹಿಡಿದರು. ಆದರೆ ಕಬ್ಬೂರಿನ ಈ ಹುಡುಗನಿಗೆ ಔಷಧದಾನದ ಅಧಿಕಾರ ಇನ್ನೂ ಬಂದಿಲ್ಲ. ಅದಕ್ಕೆ ಉಳಿದ ವರ್ಷಗಳ ಓದು, ಹನ್ನೆರಡು ತಿಂಗಳ ಇಂಟರ್ನ್‌ಶಿಪ್, ಆಮೇಲೆ ನೋಂದಣಿ ಬೇಕು. ಅಭಯದಾನಕ್ಕೆ ಇವಾವುವೂ ಬೇಡ. ದವಾಖಾನೆಯ ಸರದಿಯಲ್ಲಿ ಅಜ್ಜಿಯ ಕೈ ಹಿಡಿದು ನಿಂತವನು ಅದನ್ನು ಆಗಲೇ ಕೊಟ್ಟಿರುತ್ತಾನೆ.